ಏಡಿ ಅಂದದ್ದೇ ತಪ್ಪಾಯಿತು

ಹಿಂದೂಪುರದ ಮನೆಯಲ್ಲಿ ಬೆಳಗಿನ ಕಾಫಿ ಹಿಡಿದು ಫೋನ್ ನೋಡುತ್ತಿದ್ದೆ. ಕಡಲ ತಳದ ಕತ್ತಲು. ಮೀನೊಂದು ಬಾಯಿ ತೆರೆದು ಬರುತ್ತಲೇ ಕೆಂಪು ಸೀಗಡಿಯೊಂದು ನೀಲಿ ಬೆಳಕು ಉಗುಳಿ ತಪ್ಪಿಸಿಕೊಂಡಿತು. ನೀವಾದರೆ ‘ಆಹಾ’ ಅನ್ನುತ್ತಿದ್ದಿರಿ. ನನಗೆ ಮೈಯೆಲ್ಲ ಉರಿದುಹೋಯಿತು. ಕುಕ್ಕರ್ ಕೂಗುವುದು ತಡವಾದರೂ ಬೈಯುವವಳು ನಾನು, ನಿಜ. ಆದರೆ ಈ ಸಿಟ್ಟು ನಲವತ್ತು ವರ್ಷ ಹಳೆಯದು.

ಆಗ ನಾವು ಕಲ್ಯಾಣದುರ್ಗದಲ್ಲಿದ್ದೆವು. ಮನೆಯಲ್ಲಿ ಮಗ್ಗ, ಮಾತು ಕನ್ನಡ, ಶಾಲೆ ತೆಲುಗು. ಅಕ್ಕ ನಾಗವೇಣಿ ಏಳನೇ ತರಗತಿ, ನಾನು ಆರು, ಎರಡಕ್ಕೂ ಒಂದೇ ಕೋಣೆ. ಬಜ್ಜಿ ಕಟ್ಟಿಕೊಟ್ಟ ಕಾಗದದಲ್ಲಿ ಅವಳಿಗೆ ಇಂಥದ್ದೇ ಬೆಳಗುವ ಜೀವಿಯ ಚಿತ್ರ ಸಿಕ್ಕಿತ್ತು. ಸೀಗಡಿ ಎಂಬ ಪದ ನಮಗೆಲ್ಲಿ ಗೊತ್ತು? ಚಿಪ್ಪು, ತುಂಬ ಕಾಲು ಇದ್ದರೆ ಏಡಿ, ಅಷ್ಟೇ. ಆ ಜಿಡ್ಡು ಕಾಗದವನ್ನು ಪುಸ್ತಕದಲ್ಲಿ ಜೋಪಾನ ಮಾಡಿದಳು. “ನಾನು ಸೈನ್ಸ್ ಟೀಚರಾಯ್ತೀನಿ ಕಣಮ್ಮಿ” ಅನ್ನುತ್ತಿದ್ದಳು.

ಒಂದು ದಿನ ವಿಜ್ಞಾನದ ಮೇಷ್ಟ್ರು, ಮೈಯಿಂದ ಬೆಳಕು ಬಿಡುವ ಜೀವಿ ಯಾವುದು ಎಂದು ತೆಲುಗಿನಲ್ಲಿ ಕೇಳಿದರು. ಎಲ್ಲರೂ ಮಿಣುಕುಹುಳ ಅಂದರು. ಅಕ್ಕ ಎದ್ದು ನಿಂತು ಕನ್ನಡದಲ್ಲೇ ಹೆಮ್ಮೆಯಿಂದ, “ಏಡಿ ಸಾರ್!” ಅಂದಳು.

ತೆಲುಗಿನಲ್ಲಿ ‘ಏಡೀ’ ಅಂದರೆ ‘ಎಲ್ಲಿ ಅವನು?’ ಅಂತ.

“ಎವಡೇ ವಾಡು? ನಾತೋನೇ ಎಕಸೆಕ್ಕಾಲಾ?” ಯಾವನೇ ಅವನು, ನನ್ನ ಹತ್ತಿರವೇ ತಮಾಷೆಯೇನೇ ಎಂದು ಮೇಷ್ಟ್ರು ಬೆತ್ತ ಎತ್ತಿದರು. ಅವಳು ಅಳುತ್ತ ಮತ್ತೆ ಮತ್ತೆ “ಏಡಿ ಸಾರ್, ಏಡಿ” ಅಂದಷ್ಟೂ ಏಟು. ಕೋಣೆಗೆ ಕೋಣೆಯೇ ನಕ್ಕಿತು. ಪಾಪಿ, ಮುಟ್ಠಾಳ ಮನುಷ್ಯ! ಕಾಗದ ತೋರಿಸಲು ಬಿಟ್ಟಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಮರುದಿನದಿಂದ ಅಕ್ಕ ಶಾಲೆಗೆ ಬರಲಿಲ್ಲ. ಅಪ್ಪನ ಮಗ್ಗದ ಪಕ್ಕ ಕಂಡಿಕೆಗೆ ನೂಲು ಸುತ್ತಲು ಕೂತವಳು ಇವತ್ತಿಗೂ ಅಲ್ಲೇ ಕೂತಿದ್ದಾಳೆ. ನಾನು ಓದಿದೆ, ಕೆಲಸ ಹಿಡಿದೆ, ಆ ಮೇಷ್ಟ್ರಿಗೆ ಶಾಪ ಹಾಕುತ್ತ ಇಷ್ಟು ದೂರ ಬಂದೆ.

ಸೀಗಡಿಯ ವಿಡಿಯೋ ಅವಳಿಗೆ ಕಳಿಸಿದೆ. ತಕ್ಷಣ ಫೋನ್ ಬಂತು.

“ನೋಡ್ದೆ ಕಣೆ. ನಾನೇಳಿದ್ದು ನಿಜ ಅಲ್ವಾ?”

“ನಿಜ ಅಕ್ಕ. ಆ ಮೇಷ್ಟ್ರ ಬಾಯಿಗೆ ಮಣ್ಣು ಬೀಳ!”

“ಆವಯ್ಯಂಗೆ ಕನ್ನಡ ಬತ್ತಿರ್ಲಿಲ್ಲ, ಬಿಡು. ನಿಂಗೆ ಎರಡೂ ಬತ್ತಿತ್ತಲ್ಲಮ್ಮಿ. ನೀನ್ಯಾಕೆ ನಗಾಡ್ದೆ?”

ಕಾಫಿ ಆರಿಹೋಗಿತ್ತು. ಬೈಯಲು ಬಾಯಿ ತೆರೆದೆ. ಯಾರನ್ನು ಬೈಯಲಿ, ನೀವೇ ಹೇಳಿ.

“ಬತ್ತೀನಿ ಅಕ್ಕಾ, ಈಗಲೇ ಬತ್ತೀನಿ” ಅಂದೆ. ಕಲ್ಯಾಣದುರ್ಗದ ಬಸ್ಸು ಹತ್ತಿ ಕೂತಿದ್ದೇನೆ.