ಬೇವಿನ ಬುಡದ ಮಣ್ಣು

ಕೊಲ್ಲಿ ದೇಶದ ಸಿತ್ರಾದಲ್ಲಿ ನಮ್ಮ ಕಂಪನಿಯ ಮಾಲಿ ಕುಂದಾಪುರದ ಕಡೆಯವರು. ಅಂಗಳದ ಬೇವಿನ ಮರದಿಂದ ಉದುರಿದ ಎಲೆಯನ್ನು ಗುಡಿಸುತ್ತಿರಲಿಲ್ಲ. ಕಾಲಿನಿಂದಲೇ ಬುಡಕ್ಕೆ ಒತ್ತರಿಸುತ್ತಿದ್ದರು. ಪೊರಕೆ ಹಿಡಿದವರನ್ನು ಗದರುತ್ತಿದ್ದರು: "ಮುಟ್ಬೇಡಿ ಮಾರಾಯ್ರೆ, ಅದು ಮಣ್ಣಿನ ಊಟ!" ಸುತ್ತೆಲ್ಲ ಉಪ್ಪುಗಟ್ಟಿದ ಮರಳು; ಆ ಬುಡದಲ್ಲಿ ಮಾತ್ರ ಕಪ್ಪನೆಯ, ತಂಪಾದ ಮಣ್ಣು.

ಅವರು ಊರಿಗೆ ಹೋಗಿದ್ದಾಗ, ದೊಡ್ಡವರು ಯಾರೋ ಬರುತ್ತಾರೆಂದು ನಾನೇ ಅದನ್ನೆಲ್ಲ ಕೆರೆಸಿ ಲಾರಿಗೆ ತುಂಬಿಸಿದೆ. ಬೇವು ಬಾಡತೊಡಗಿತು. ಗಾಬರಿಯಾಗಿ, ಉತ್ತರದ ಯಾವುದೋ ಚಳಿದೇಶದ ಕಾಡಿನ ಮಣ್ಣನ್ನು ಚೀಲಗಟ್ಟಲೆ ತರಿಸಿದೆ.

ಮರಳಿ ಬಂದವರು ಬೋಳು ಬುಡವನ್ನು ನೋಡಿದರು. ಒಂದು ಚೀಲ ಸೀಳಿ, ಅರೆಕೊಳೆತ ಎಲೆಚೂರೊಂದನ್ನು ಹೆಕ್ಕಿ ನನ್ನ ಅಂಗೈಗೆ ಒತ್ತಿದರು.

"ಇದೂ ಉದುರಿದ ಎಲೆಯೇ ಸಾರ್. ಅಲ್ಲಿ ನಿಮ್ಮಂಥವರು ಗುಡಿಸ್ಲಿಕ್ಕೆ ಬರ್ಲಿಲ್ಲ, ಅಷ್ಟೇ."