ಹವಾಲ್ದಾರ ಕಾಕಾರ ಕರಿ ತಂತಿ

ಬಿಸಿಲಿಗೆ ಕಾದ ರಬ್ಬರಿನ ವಾಸನೆ. ಹೋದ ವಾರ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುವಾಗ ಮೂಗಿಗೆ ಬಡಿಯಿತು. ಬಟ್ಟೆ ಹಾಕುವ ಕರಿ ತಂತಿಯ ಹೊದಿಕೆ ಅಲ್ಲಲ್ಲಿ ಸೀಳಿದೆ, ಬಿಳಿ ಅಂಗಿಗಳಿಗೆ ಕಲೆ ಹತ್ತುತ್ತದೆ. ಬದಲಿಸೋಣ ಎಂದು ಅವ್ವ ಪ್ರತಿ ಬೇಸಿಗೆ ಹೇಳುತ್ತಾಳೆ. ಯಾರೂ ಬದಲಿಸುವುದಿಲ್ಲ. ಅದು ಪಕ್ಕದ ಮನೆಯ ಹವಾಲ್ದಾರ ಕಾಕಾರ ತಂತಿ...

ನಮ್ಮ ಬಡಾವಣೆ ಕೋಟನೂರ ಆಗಿನ್ನೂ ಊರ ಹೊರಗಿತ್ತು. ನಮ್ಮ ಮನೆಗೂ ಅವರ ಮನೆಗೂ ನಡುವೆ ಖಾಲಿ ಜಾಗ. ಕಾಕಾ ಸೈನ್ಯದಲ್ಲಿ ಟೆಲಿಫೋನ್ ತಂತಿ ಎಳೆಯುವ ಕೆಲಸ ಮಾಡಿ ನಿವೃತ್ತರಾದವರು. ತಂತಿಯ ಉರುಳೆ ಬೆನ್ನಿಗೆ ಕಟ್ಟಿಕೊಂಡು ಹೊಟ್ಟೆಯ ಮೇಲೆ ತೆವಳಿದವರು. ಸೂಪರ್ ಮಾರ್ಕೆಟ್ ಹಿಂದಿನ ಗುಜರಿ ಅಂಗಡಿಯಲ್ಲಿ ಸೈನ್ಯದ ಹಳೆಯ ಟೆಲಿಫೋನುಗಳು ಸಿಕ್ಕಾಗ ಒಂದನ್ನು ತಮ್ಮ ಪಡಸಾಲೆಯಲ್ಲಿ, ಇನ್ನೊಂದನ್ನು ನಮ್ಮ ಪಡಸಾಲೆಯಲ್ಲಿ ಇಟ್ಟು ನಡುವೆ ತಂತಿ ಎಳೆದರು. ಹಿಡಿ ತಿರುಗಿಸಿದರೆ ಆ ಕಡೆ ಗಂಟೆ. "ಮಜ್ಜಿಗಿ ಆಗ್ಯದ, ತಂಬಿಗಿ ಕಳಸ್ರಿ" ಎನ್ನುವಷ್ಟೇ ಅದರ ಕೆಲಸ. ಆದರೂ ನಿಯಮವಿತ್ತು. ಕೇಳಿಸಿಕೊಂಡವರು ಅದನ್ನೇ ತಿರುಗಿ ಹೇಳಬೇಕು. ಸರಿಯಿದ್ದರೆ ಮೊದಲು ಹೇಳಿದವರು "ಬರೋಬರ್" ಅನ್ನಬೇಕು. ಅಲ್ಲಿಯವರೆಗೆ ಯಾರೂ ಫೋನ್ ಇಡುವಂತಿಲ್ಲ.

"ಮಜ್ಜಿಗಿಗೂ ಇಷ್ಟ್ ಕವಾಯತ ಯಾಕ್ರಿ?" ಎಂದು ಅವ್ವ ನಗುತ್ತಿದ್ದಳು.

"ತಿರುಗಿ ಹೇಳಲಿಲ್ಲಂದ್ರ ಮಾತು ಮುಟ್ಟೇ ಇಲ್ಲಂತ ತಿಳೀಬೇಕು, ವೈನಿ."

ಒಬ್ಬನೇ ಮಗನನ್ನೂ ಸೈನ್ಯಕ್ಕೆ ಕಳಿಸಿದ್ದರು. ಆದರೆ ತಮ್ಮ ಹಾಗೆ ತೆವಳುವುದು ಬೇಡ, ಮಷಿನ್ ಕಲಿಯಲಿ ಎಂದು ಬೆನ್ನು ಹತ್ತಿ, ಪೈಲಟ್ ಇಲ್ಲದೆ ಹಾರುವ ವಿಮಾನಗಳ ಹೊಸ ತುಕಡಿಗೆ ಅರ್ಜಿ ಹಾಕಿಸಿದ್ದರು. ವಿಮಾನ ಗುಡ್ಡಗಳ ಮೇಲೆ ಹಾರುತ್ತಿತ್ತು. ಅದರ ಕ್ಯಾಮೆರಾ ಕಂಡದ್ದನ್ನು ಮಗ ಬಹುದೂರದ ಡಬ್ಬಿಯಂಥ ಕೋಣೆಯಲ್ಲಿ ಕುಳಿತು ಪರದೆಯ ಮೇಲೆ ನೋಡಿ, ಗುಂಡು ಹಾರಿಸುವ ತೋಪಿನವರಿಗೆ ಎಲ್ಲಿ ಹೊಡೆಯಬೇಕೆಂದು ಜಾಗ ಹೇಳುತ್ತಿದ್ದ. ಗಡಿಯಲ್ಲಿ ಯುದ್ಧ ನಡೆದಷ್ಟು ದಿನವೂ ಊರೆಲ್ಲ ಟೀವಿ ಮುಂದೆ ಕುಳಿತಿತ್ತು. ಕಾಕಾ ಮಾತ್ರ ನಿಶ್ಚಿಂತೆಯಿಂದ ಮಲಗುತ್ತಿದ್ದರು.

ಮರುವರ್ಷದ ಬೇಸಿಗೆಯಲ್ಲಿ ಮಗ ರಜೆಗೆ ಬಂದ. ಕಮಲಾಪುರದಲ್ಲಿ ಕಾಕಾರ ಅಣ್ಣನ ಬಾಳೆ ತೋಟವಿತ್ತು. ಅಲ್ಲಿ ಊಟಕ್ಕೆ ನಮ್ಮನ್ನೂ ಕರೆದಿದ್ದರು. ಹುಡುಗನಿಗೆ ಶಾಲು ಹೊದಿಸಿ, ಕೆಂಪು ಬಾಳೆಯ ಚಿಪ್ಪು ಕೈಗೆ ಕೊಟ್ಟರು.

"ಎಷ್ಟ್ ಮಂದೀನ ಹೊಡದಿ, ತಮ್ಮಾ?" ಎಂದು ದೊಡ್ಡಪ್ಪ ಕೇಳಿದರು.

ಮಗ ಬಾಯಿ ತೆರೆಯುವ ಮೊದಲೇ ಕಾಕಾ ನಕ್ಕರು. "ಇವನೇನ್ ಹೊಡೀತಾನ! ಫ್ಯಾನಿನ ಕೆಳಗ ಕುಂತು ಟೀವಿ ನೋಡ್ಯಾನ. ಸರ್ಕಾರ ಅದಕ್ಕೂ ಪಗಾರ ಕೊಡ್ತದ."

"ಹಂಗಾದ್ರ ನಮ್ಮ ಹುಡುಗೂರಿಗೆ ಮೊದಲ ಪದಕ ಕೊಡಸೋ. ಮುಂಜಾನಿಂದ ಕ್ರಿಕೆಟ್ ನೋಡ್ತಾವ!" ಎಂದರು ದೊಡ್ಡಪ್ಪ.

ಎಲ್ಲರೂ ನಕ್ಕರು. ಮಗ ಸುಲಿದ ಹಣ್ಣು ಅವನ ಕೈಯಲ್ಲೇ ಕಪ್ಪಾಯಿತು.

ಮರುದಿನ ಸಂಜೆ ಅವನು ನಮ್ಮ ಪಡಸಾಲೆಗೆ ಬಂದ. ನಾನು ಶೇಂಗಾ ಸುಲಿಯುತ್ತಿದ್ದೆ. ನನಗೇನೂ ಹೇಳದೆ ಟೆಲಿಫೋನಿನ ಹಿಡಿ ತಿರುಗಿಸಿದ.

"ಹವಾಲ್ದಾರ ಸಾಹೇಬ್ರ, ಮುಂದಿನ ಠಾಣೆದಿಂದ ಮಾತಾಡಾಕತ್ತೀನಿ. ಸಂದೇಶ ತಗೋರಿ." ಆ ಕಡೆ ಕಿಟಕಿಯಲ್ಲಿ ಕಾಕಾ ನಕ್ಕದ್ದು ಇಲ್ಲಿಯವರೆಗೂ ಕೇಳಿಸಿತು. ಮಗ ನಗಲಿಲ್ಲ. "ಗುಡ್ಡದ ಓರಿಗೆ ಐದು ಮಂದಿ. ಇಬ್ಬರು ನೀರಿನ ಡಬ್ಬಿ ಹೊತ್ತಾರ. ಒಬ್ಬಾವ ಕುಂಟ್ತಾನ, ಇನ್ನೊಬ್ಬಾವ ಅವನ ಹೆಗಲ ಹಿಡದಾನ. ಕಡೀದಾವ ಮ್ಯಾಲ ನೋಡಿದ. ಜಾಗ ನಾನೇ ಹೇಳೀನಿ. ಹೊಗಿ ಹೋದಮ್ಯಾಲ ಯಾರೂ ಇಲ್ಲ."

ಅಷ್ಟು ಹೇಳಿ ಕಾದ. ಫೋನನ್ನು ಕಿವಿಗೆ ಒತ್ತಿ ಹಿಡಿದೇ ಇದ್ದ. ಆ ಕಡೆಯಿಂದ ಉಸಿರಿನ ಸದ್ದಷ್ಟೇ ಬರುತ್ತಿತ್ತೋ ಏನೋ... ಕೊನೆಗೆ ಕಾಕಾ ಫೋನ್ ಇಟ್ಟ ಸದ್ದಾಯಿತು.

"ತಿರುಗಿ ಹೇಳಲಿಲ್ಲ, ತಂಗಿ," ಎಂದ. ರಜೆ ಮುಗಿಯುವ ಮೊದಲೇ ಹೊರಟುಹೋದ.

ಆಗ ನಾನು ತಪ್ಪದೆ ಡೈರಿ ಬರೆಯುತ್ತಿದ್ದೆ, ಬಂದವರು ಹೋದವರ ಲೆಕ್ಕ ಸಮೇತ. ಆ ದಿನದ ಪುಟದಲ್ಲಿ ಕರೆಂಟ್ ಹೋದದ್ದು, ಬಂದದ್ದು ಮಾತ್ರ ಇದೆ.

ಮಳೆಗಾಲ ಬಂತು. ಒಂದು ಮಧ್ಯಾಹ್ನ ನಾನೊಬ್ಬಳೇ ಇದ್ದಾಗ ಟೆಲಿಫೋನಿನ ಗಂಟೆ ಹೊಡೆಯಿತು. ಎತ್ತಿದೆ. ಯಾರು ಎಂದು ಕಾಕಾ ಕೇಳಲಿಲ್ಲ. "ಗುಡ್ಡದ ಓರಿಗೆ ಐದು ಮಂದಿ," ಎಂದು ಶುರು ಮಾಡಿ, ಒಂದೊಂದೇ ಮಾತು ಎತ್ತಿಡುವಂತೆ "ಯಾರೂ ಇಲ್ಲ" ಎನ್ನುವವರೆಗೆ ಹೇಳಿದರು. ಆಮೇಲೆ ಸುಮ್ಮನೆ ಕಾದರು. ಬರೋಬರ್ ಅನ್ನುವುದು ನನ್ನ ಹಕ್ಕಾಗಿರಲಿಲ್ಲ.

ಮರುದಿನ ಕಾಕಾ ತಂತಿ ಬಿಚ್ಚಿ ಸುತ್ತಿ ತಂದರು. "ಅರಿವಿ ಒಣಗಸ್ರಿ, ವೈನಿ."

"ಅವನಿಗೂ ಹೇಳ್ರಿ, ಕಾಕಾ," ಎಂದೆ.

"ಇಂಥಾದ್ದು ಎಸ್‌ಟಿಡಿ ಬೂತಿನಾಗ ನಿಂತು ಹೇಳೋ ಮಾತಲ್ಲವ್ವ. ಬಂದಾಗ ಹೇಳ್ತೀನಿ."

ಅವನು ಬರಲಿಲ್ಲ. ರಜೆ ಸಿಗಲಿಲ್ಲವೆಂದ, ಆಮೇಲೆ ಅದನ್ನೂ ಹೇಳುವುದು ಬಿಟ್ಟ. ಬಂದದ್ದು ಕಾಕಾ ತೀರಿಕೊಂಡಾಗ, ಅವರ ಮಣ್ಣಿಗೆ.

ಅಂದು ಎಲ್ಲರೂ ಹೋದ ಮೇಲೆ ನಮ್ಮ ಹಿತ್ತಲಲ್ಲಿ ನಿಂತು ಆ ತಂತಿಯನ್ನು ನೋಡುತ್ತಿದ್ದ. ಕಾಕಾ ಫೋನಿನಲ್ಲಿ ಹೇಳಿದ್ದನ್ನು ಅದೇ ಕ್ರಮದಲ್ಲಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದ.

"ಒಂದು ಮಾತು ಬಿಟ್ಟಾನ ಅಪ್ಪ," ಎಂದ. "ಮ್ಯಾಲ ನೋಡಿದಾವನ್ನ."

ನನಗೂ ಗೊತ್ತಿತ್ತು. ಅದೊಂದನ್ನು ಹೇಳಲು ಕಾಕಾಗೆ ನಾಲಿಗೆ ಏಳಲಿಲ್ಲವೋ, ಮರೆತರೋ...

ಅವನು ತಂತಿಯನ್ನು ಮುಟ್ಟಿದ. "ಇರಲಿ. ಬರೋಬರ್," ಎಂದ.

ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ. ಖಾಲಿ ಜಾಗದಲ್ಲಿ ಎರಡು ಮಹಡಿ ಎದ್ದಿವೆ. ಟೀವಿಯಲ್ಲಿ ಯಾವುದೋ ದೇಶದ ಯುದ್ಧ ತೋರಿಸುತ್ತಾರೆ. ಬೂದು ಪರದೆಯ ಮೇಲೆ, ಆಕಾಶದಿಂದ ಕಂಡ ಮನುಷ್ಯರು ಬಿಳಿ ಚುಕ್ಕೆಗಳಾಗಿ ಓಡುತ್ತಾರೆ. ಚಾನೆಲ್ ಬದಲಿಸು ಎಂದು ಅವ್ವ ಅನ್ನುತ್ತಾಳೆ. ನಾನು ಲೆಕ್ಕ ಇಡುವ ಹಳೆಯ ಅಭ್ಯಾಸದಂತೆ ಚುಕ್ಕೆಗಳನ್ನು ಎಣಿಸುತ್ತೇನೆ. ಹೊಗೆ ಬರುವುದರೊಳಗೆ ಎಣಿಸಿ ಮುಗಿಯುವುದಿಲ್ಲ.