ಭೋಸರಿಗೆ ಒಲೆ ನೋಡಲು ಹೋದದ್ದು

ಶನಿವಾರ ಸಂಜೆ ಯಶವಂತಪುರದಲ್ಲಿ ಸ್ಲೀಪರ್ ಬಸ್ಸು ಹತ್ತಿದಾಗ ನನಗೆ ಸ್ವಲ್ಪ ಜಂಬವೇ ಇತ್ತು. ಪುಣೆಗೆ ಎಂಟುನೂರು ಚಿಲ್ಲರೆ ಕಿಲೋಮೀಟರು, ಟಿಕೆಟ್ಟು ಸಾವಿರದ ಮುನ್ನೂರು ರೂಪಾಯಿ, ಅದೂ ಕಂಪನಿಯ ಖರ್ಚಿನಲ್ಲಿ. ಪುಣೆಯ ಹಿಂಜವಾಡಿಯಲ್ಲಿರುವ ನಮ್ಮ ಕಚೇರಿಯಲ್ಲಿ ಕನ್ನಡ ಬಲ್ಲವರು ರಜೆ ಹಾಕಿದ್ದರಿಂದ, ಬೆಂಗಳೂರಿನ ಕಚೇರಿಯಲ್ಲಿದ್ದ ಮೈಸೂರಿನವನಾದ ನನಗೆ ಕರೆ ಬಂದಿತ್ತು.

ಕೆಲಸ ಏನೆಂದು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಮಹಾರಾಷ್ಟ್ರ ಸರ್ಕಾರ ನಿರಾಧಾರರಿಗೆ ಕೊಡುವ ಪಿಂಚಣಿಯ ಪಟ್ಟಿ, ರೇಷನ್ ಕಾರ್ಡಿನ ಪಟ್ಟಿ, ಕಾರ್ಖಾನೆ ಕಾರ್ಮಿಕರ ವಿಮೆಯ ಪಟ್ಟಿ, ಇವು ಮೂರೂ ಇಷ್ಟು ವರ್ಷ ಮಾತು ಬಿಟ್ಟ ದಾಯಾದಿಗಳ ಹಾಗೆ ಇದ್ದವು. ನಾವು ಅವನ್ನು ಜೋಡಿಸಿದೆವು. ಒಂದು ಕಾರ್ಡಿನಲ್ಲಿ ಇರುವವರೆಲ್ಲ ಒಂದೇ ಒಲೆಯಲ್ಲಿ ಉಣ್ಣುವವರು. ಅವರಲ್ಲಿ ಒಬ್ಬರಿಗೆ ಕಾರ್ಖಾನೆಯ ಸಂಬಳವಿದ್ದರೆ ಉಳಿದವರು ನಿರಾಧಾರರಲ್ಲ, ಅವರ ಪಿಂಚಣಿ ನಿಲ್ಲಬೇಕು. ಈ ನಿಯಮವನ್ನು ಕಂಪ್ಯೂಟರಿಗೆ ಬರೆದುಕೊಟ್ಟವನು ನಾನೇ. ಹಾಗೆ ಪಿಂಚಣಿ ನಿಂತ ಕೆಲವು ಮನೆಗಳಿಗೆ ಹೋಗಿ, ಒಲೆ ಒಂದೋ ಎರಡೋ ಎಂದು ಕೇಳಿ ಫೋನಿನಲ್ಲಿ ಗುರುತು ಹಾಕಬೇಕಿತ್ತು. ಎರಡಿದ್ದರೆ ಪಿಂಚಣಿ ಮತ್ತೆ ಶುರುವಾಗುತ್ತದೆ. ನನ್ನ ಪಾಲಿಗೆ ಬಂದದ್ದು ಭೋಸರಿಯ ಒಂದು ಕನ್ನಡ ಮನೆ, ಕಮಲಾಬಾಯಿ ಎಂಬ ವಿಧವೆಯದು.

ಸ್ವಾರಗೇಟಿನಲ್ಲಿ ಇಳಿದಾಗ ಒಳ್ಳೆಯ ಚಳಿ. ಕುಂದಾಪುರದ ಕಡೆಯವರೊಬ್ಬರ ಹೋಟೆಲಿನಲ್ಲಿ ಇಡ್ಲಿ ವಡೆ ತಿಂದೆ. ಸಾಂಬಾರು ಸಿಹಿ, ಕಾಫಿ ಮಾತ್ರ ನಮ್ಮೂರಿನದೇ. ಭೋಸರಿಗೆ ಹೊರಟಿದ್ದೇನೆ ಎಂದಾಗ ಗಲ್ಲಾದಲ್ಲಿದ್ದ ಮಾಲೀಕರು, "ಆಯ್ತಾರ ಅಲ್ದಾ, ಬಸ್ಸಲ್ಲಿ ಸೀಟ್ ಸಿಕ್ಕತ್ತ್. ಆದ್ರೆ ಹೇಳ್ದೆ ಯಾರ ಮನೀಗೂ ಹೋಗ್ಬೇಡಿ ಮಾರಾಯ್ರೆ" ಎಂದರು. ಇಲಾಖೆಯವರು ಹೇಳಿಯೇ ಇರುತ್ತಾರೆ ಎಂದು ನಕ್ಕು ಸಿಟಿ ಬಸ್ಸು ಹತ್ತಿದೆ. ನದಿ ದಾಟಿ, ಊರು ದಾಟಿ, ಕಾರ್ಖಾನೆಗಳ ತಗಡಿನ ಮಾಡುಗಳು ಶುರುವಾಗುವ ಹೊತ್ತಿಗೆ ಗಂಟೆಯ ಮೇಲಾಗಿತ್ತು. ಭಾನುವಾರವಾದರೂ ಎಲ್ಲೋ ಒಂದು ಯಂತ್ರ ಲೋಹ ಕೊರೆಯುತ್ತಲೇ ಇತ್ತು.

ಓಣಿಯ ಕೊನೆಯ ಮನೆಯ ಮುಂದೆ ಚಪ್ಪಲಿಗಳ ರಾಶಿ. ನಾನು ಬರುವ ಸುದ್ದಿ ಕೇಳಿ ನೆರೆಯವರು ಸೇರಿದ್ದಾರೆ ಎಂದುಕೊಂಡೆ. ಒಗೆದ ಬಿಳಿ ಅಂಗಿ ತೊಟ್ಟ ಒಬ್ಬರು, "ಬರ್ರಿ, ಬರ್ರಿ, ಒಳಗ ಬಂದ್ ಕೂಡ್ರಿ" ಎಂದು ನನ್ನನ್ನು ಚಾಪೆಯ ನಡುವೆ ಕೂರಿಸಿದರು. ಅವರೇ ಕಮಲಾಬಾಯಿಯ ಮೈದುನ ಶರಣಪ್ಪ, ವಿಜಯಪುರದ ಕಡೆಯವರು, ಲೇಥ್ ಮೆಷಿನ್ ಕೆಲಸ. ರೇಷ್ಮೆ ಸೀರೆಯುಟ್ಟ ಅವರ ಮಗಳು ತಲೆ ತಗ್ಗಿಸಿ ಎಲ್ಲರಿಗೂ ಈರುಳ್ಳಿ ಅವಲಕ್ಕಿಯ ತಟ್ಟೆ ಕೊಟ್ಟಳು. ಪುಣೆಯಲ್ಲಿ ಹೆಣ್ಣು ನೋಡುವ ಶಾಸ್ತ್ರದ ತಿಂಡಿ ಅದು ಎಂದು ನನಗೆ ಯಾರು ಹೇಳಬೇಕು? ನಮ್ಮ ಕಡೆ ಹೆಣ್ಣು ನೋಡುವುದೆಂದರೆ ಉಪ್ಪಿಟ್ಟು, ಕೇಸರಿಭಾತು. ಶರಣಪ್ಪ ನನ್ನನ್ನು ಗಂಡಿನ ಕಡೆಯವನೆಂದು ತಿಳಿದಿದ್ದರು, ಗಂಡಿನ ಕಡೆಯವರು ಹೆಣ್ಣಿನ ಕಡೆಯವನೆಂದು. ನಾನು ಎರಡನೆಯ ಸಲವೂ ಹಾಕಿಸಿಕೊಂಡೆ.

ತಿಂದು ಕೈ ತೊಳೆದು, ಫೋನು ತೆಗೆದು, ಸಭೆಗೆ ಕೇಳುವಂತೆ ಕೇಳಿದೆ: "ಇಲ್ಲಿ ಕಮಲಾಬಾಯಿ ಅಂದ್ರೆ ಯಾರು? ಪಿಂಚಣಿ ವಿಚಾರ. ನಿಮ್ಮ ಮೈದುನ ನಿಮಗೆ ಊಟ ಹಾಕ್ತಾರಾ, ಇಲ್ಲ ನಿಮ್ಮ ಒಲೆ ಬೇರೆಯಾ?"

ಗಂಡಿನ ಕಡೆಯ ಬಿಳಿ ಟೋಪಿಯ ಹಿರಿಯರೊಬ್ಬರು ತಟ್ಟೆ ಕೆಳಗಿಟ್ಟು, "ಶರಣಪ್ಪ, ಅಣ್ಣನ ಹೇಂತೀನ ಬ್ಯಾರೆ ಹಾಕೀರೇನು?" ಎಂದರು. ಶರಣಪ್ಪನವರ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ಪರದೆ ಸರಿಸಿಕೊಂಡು, ಒಂದು ಕಾಲು ಎಳೆಯುತ್ತ, ನಲವತ್ತು ದಾಟಿದ ಹೆಂಗಸೊಬ್ಬರು ಬಂದರು. ಅವರ ಹಿಂದೆ ದೊಡ್ಡ ಗ್ಯಾಸ್ ಒಲೆ ಕಂಡಿತು. ಮೂಲೆಯಲ್ಲಿ ಇಟ್ಟಿಗೆಯ ಮೇಲೆ ಇನ್ನೊಂದು ಚಿಕ್ಕ ಒಲೆಯೂ, ಒಬ್ಬರಿಗೆ ಸಾಲುವಷ್ಟು ಪಾತ್ರೆಯೂ ಕಂಡವು.

"ಒಲಿ ಒಂದ ಅದರಿ. ನಾ ಮೈದುನನ ಮನ್ಯಾಗ ಉಣ್ತೀನಿ. ಹಂಗ ಬರ್ಕೋರಿ" ಎಂದರು ಕಮಲಾಬಾಯಿ.

ಹಿರಿಯರು ತಟ್ಟೆ ಮತ್ತೆ ಕೈಗೆತ್ತಿಕೊಂಡರು. ನಾನು ಹೆಣ್ಣು ನೋಡುವ ಸಭೆಯ ನಡುವೆ ಕೂತಿದ್ದೇನೆ ಎಂದು ನನಗೆ ಆಗ ಅರ್ಥವಾಯಿತು. ಎದ್ದು ಹೊರಗೆ ಬಂದೆ. ನಾಚಿಕೆಯಿಂದ ಚಪ್ಪಲಿ ಸಹ ಸರಿಯಾಗಿ ಸಿಗಲಿಲ್ಲ. ಕಮಲಾಬಾಯಿಯೇ ಹಿಂದೆ ಬಂದು ಹುಡುಕಿ ಕೊಟ್ಟರು.

"ಅಮ್ಮ, ಇನ್ನೊಂದು ಒಲೆ ನಾನು ನೋಡಿದೆ. ಎರಡು ಅಂತ ಹಾಕಿದರೆ ನಿಮ್ಮ ಪಿಂಚಣಿ ಬರುತ್ತೆ."

"ಅಂವಗ ತನ್ನ ಮಕ್ಕಳನ್ನ ಸಾಕೋದ ಭಾಳ ಆಗೇತ್ರಿ. ಅದಕ್ಕ ನಾನ ಬ್ಯಾರೆ ಒಲಿ ಹೂಡೀನಿ. ಸರ್ಕಾರದ ಪಗಾರ ಬರ್ತಿತ್ತು, ನಡೀತಿತ್ತು. ಕಾರ್ಡ್ ಮಾತ್ರ ಒಡಸಲಿಲ್ಲ. ಕಾರ್ಡ್ ಒಡದ್ರ ಮನಿ ಒಡೀತು ಅಂತಾರ ಮಂದಿ." ದನಿ ತಗ್ಗಿಸಿ ಕೇಳಿದರು: "ಎರಡ ಅಂತ ಬರದ್ರ ಯಾರಿಗೂ ಗೊತ್ತಾಗಂಗಿಲ್ಲೇನು?"

ಗೊತ್ತಾಗುತ್ತದೆ. ಎರಡು ಎಂದು ಒತ್ತಿದರೆ ರೇಷನ್ ಕಾರ್ಡು ತಾನಾಗಿಯೇ ಎರಡಾಗುತ್ತದೆ, ಆ ಹೆಸರುಗಳನ್ನು ರೇಷನ್ ಅಂಗಡಿಯ ಗೋಡೆಗೆ ಅಂಟಿಸುತ್ತಾರೆ. ಪಟ್ಟಿಗಳನ್ನು ಜೋಡಿಸಿದ್ದರ ಹೆಚ್ಚುಗಾರಿಕೆ ಎಂದು ನಾವು ಇದನ್ನೇ ಇಲಾಖೆಗೆ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದೆವು. ಅವರಿಗೆ ಹಾಗೆಯೇ ಹೇಳಿದೆ.

"ಬೀಗರು ಹಿಂದಿನ ಓಣ್ಯಾಗ ಇರ್ತಾರ್ರಿ. ಅವರೂ ಅದ ಅಂಗಡ್ಯಾಗ ರೇಷನ್ ತಗೋತಾರ" ಎಂದರು. "ಒಂದ ಅಂತ ಒತ್ತರಿ. ನಮ್ಮ ಹುಡುಗಿ ಮದವಿ ಆಗ್ಲಿ."

ಒತ್ತಿದೆ. 'ಜೋಡಣೆ ಸರಿ' ಎಂದು ಹಸಿರು ಗುರುತು ಬಂತು. ಮಳೆಗೆ ಕೊಡೆ ಹಿಡಿಯಲು ಹೋಗಿ ಕಣ್ಣಿಗೇ ಚುಚ್ಚಿದಂತಾಗಿತ್ತು ನನ್ನ ಕೆಲಸ. ನಾನು ಬರದೇ ಇದ್ದಿದ್ದರೆ ಆಕೆ ಇನ್ನೊಂದು ಅರ್ಜಿಯನ್ನಾದರೂ ಹಾಕಬಹುದಿತ್ತು. ಮನೆಗೆ ಬಂದು ನೋಡಿದ್ದಾರೆ ಎಂಬ ದಾಖಲೆಯ ಮೇಲೆ ಇನ್ನು ಯಾರೂ ಅರ್ಜಿ ತೆಗೆದುಕೊಳ್ಳುವುದಿಲ್ಲ.

ಬಸ್ ನಿಲ್ದಾಣದಲ್ಲಿ ಬಿಸಿಲಿಗೆ ನಿಂತಿದ್ದಾಗ ಶರಣಪ್ಪ ಸ್ಕೂಟರಿನಲ್ಲಿ ಬಂದರು. ಬೈಯಲು ಬಂದರೆಂದೇ ಅಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಎರಡು ಗಂಟುಗಳನ್ನು ನನ್ನ ಕೈಗಿಟ್ಟರು.

"ಇದು ನನ್ನ ಹೇಂತಿ ಕಟ್ಯಾಳ್ರಿ. ಇದು ನಮ್ಮ ವೈನಿ ಕೊಟ್ಟಾರ. ದಾರಿಗೆ ಇರ್ಲಿ." ಅತ್ತಿಗೆಯನ್ನು ಅವರು ವೈನಿ ಎನ್ನುತ್ತಿದ್ದರು. ಸ್ಕೂಟರಿನ ಹ್ಯಾಂಡಲು ನೋಡುತ್ತ ಕೇಳಿದರು, "ವೈನೀದು ಏನಂತ ಬರದ್ರಿ?"

"ಒಂದು ಅಂತ."

ಅವರು ತಲೆಯೆತ್ತಲಿಲ್ಲ. "ಅವರ ನನ್ನ ಕಡೆ ಉಣ್ಣಾಕ ಒಪ್ಪಂಗಿಲ್ಲರಿ" ಎಂದು ಸ್ಕೂಟರು ತಿರುಗಿಸಿಕೊಂಡು ಹೋದರು.

ಸಂಜೆಯ ಬಸ್ಸಿಗೇ ಹಿಂದಿರುಗಿದೆ. ಪುಣೆಯ ಕೋಥರೂಡದಲ್ಲಿರುವ ಗೆಳೆಯನ ಮನೆಗೆ ಬರುತ್ತೇನೆಂದು ಹೇಳಿದ್ದೆ, ಹೋಗುವ ಮನಸ್ಸಾಗಲಿಲ್ಲ. ಒಲೆ ಒಂದೇ ಎಂಬ ವರದಿ ನೋಡಿ ಮ್ಯಾನೇಜರು ಫೋನಿನಲ್ಲಿ ಹೆಬ್ಬೆರಳಿನ ಚಿತ್ರ ಕಳಿಸಿದರು. ಸಾತಾರಾ ದಾಟಿ ಊಟಕ್ಕೆ ನಿಂತಾಗ ಗಂಟುಗಳನ್ನು ಬಿಚ್ಚಿದೆ. ಒಂದರಲ್ಲಿ ಚಪಾತಿ, ಬದನೆಕಾಯಿ ಪಲ್ಯ. ಇನ್ನೊಂದರಲ್ಲಿ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ. ಪಿಂಚಣಿ ನಿಂತ ಮನೆಯ ಹಿಟ್ಟು. ಪಕ್ಕದ ಸೀಟಿನ ಹುಬ್ಬಳ್ಳಿಯವರು ನೋಡಿ ನಕ್ಕರು.

"ಎರಡ ಮನ್ಯಾಗ ಬುತ್ತಿ ಕಟ್ಟಿಕೊಟ್ಟಾರಲ್ರಿ. ನಸೀಬದವ್ರು ನೀವು."

"ಇಲ್ಲ," ಎಂದೆ, "ಒಂದೇ ಮನೆ."